ಗಾಜಿನೊಳಗಿನ ರಕ್ತ

ಎವುಲಾಲಿಯಾ ಅಕ್ಕನಿಗೆ,

ಕೆರೆತಾರೊ ನಗರ ಮುಟ್ಟಿದೆ, ಆರೋಗ್ಯವಾಗಿದ್ದೇನೆ. ಪ್ರಯೋಗಾಲಯಕ್ಕೆ ನಮ್ಮ ಹೊಲದ ರಾಜಗಿರಿ ಕಾಳಿನ ಮೂಟೆ ಒಪ್ಪಿಸಿದ ಮೇಲೆ ಅಲ್ಲಿನ ಸಂಶೋಧಕಿ ಡಾಕ್ಟರ್ ರೆಮೆದಿಯೋಸ್ ಎರಡು ಗಾಜಿನ ಕೊಳವೆ ತೋರಿಸಿದರು. ಒಂದರಲ್ಲಿ ರಕ್ತ ಹೆಪ್ಪುಗಟ್ಟಿ ಮೊಸರಿನಂತೆ ಕೂತಿತ್ತು. ಇನ್ನೊಂದಕ್ಕೆ ರಾಜಗಿರಿಯ ಪ್ರೋಟೀನನ್ನು ಒಡೆದು ತೆಗೆದ ಪೆಪ್ಟೈಡ್ ಹನಿಸಿದ್ದರು; ಅದರಲ್ಲಿ ರಕ್ತ ಇನ್ನೂ ಅಲುಗುತ್ತಿತ್ತು.

"ನಮ್ಮಕ್ಕನ ಕಾಲಲ್ಲೂ ರಕ್ತ ಹೆಪ್ಪುಗಟ್ಟಿತ್ತು ಮೇಡಂ. ಈಗ ಅದಕ್ಕೆ ಕೊಟ್ಟ ಮಾತ್ರೆ ಬಿಟ್ಟು ದಿನಾ ಈ ರಾಜಗಿರೀಲಿ ಮಾಡಿದ ನಮ್ಮ ಅಲೆಗ್ರಿಯಾ ಮಿಠಾಯೀನೇ ತಿಂತಾಳೆ" ಎಂದೆ ಹೆಮ್ಮೆಯಿಂದ.

ಅವರು ಕೊಳವೆ ಕೆಳಗಿಟ್ಟರು. "ಅಯ್ಯೋ ದೇವ್ರೇ! ನಿಮ್ಮಕ್ಕ ಏನು ಗಾಜಿನ ಕೊಳವೇನಾ ದೆಲ್ಫಿನೊ? ಹೊಟ್ಟೆಗೆ ಹೋದ್ಮೇಲೆ ಇದು ಎಷ್ಟು ಉಳಿಯುತ್ತೋ ನಮಗೇ ಇನ್ನೂ ಗೊತ್ತಿಲ್ಲ. ಮಿಠಾಯಿ ತಿನ್ಲಿ, ಮಾತ್ರೆ ಬಿಡೋ ಹಾಗಿಲ್ಲ."

ಕೂಡಲೇ ನಿನಗೆ ಫೋನ್ ಮಾಡಿದೆ. ನೀನು "ಹೋಗೋ, ನಮ್ಮ ಮಿಠಾಯಿ ಅಂಗಡಿ ಬೋರ್ಡಲ್ಲಿ ನೀನೇ ಬರೆದಿದೀಯಲ್ಲ, ಇದನ್ನ ತಿಂದ್ರೆ ರಕ್ತ ಹೆಪ್ಪುಗಟ್ಟಲ್ಲ ಅಂತ" ಎಂದು ನಕ್ಕು ಫೋನ್ ಇಟ್ಟುಬಿಟ್ಟೆ. ನಿಜ ಅಕ್ಕ. ಆ ಕಾಳು ಯಾರಿಗೂ ಏನೂ ಹೇಳಿರಲಿಲ್ಲ, ಹೇಳಿದವನು ನಾನು. ಎಷ್ಟು ಜನ ಅದನ್ನು ಓದಿ ನಂಬಿದರೋ ಎಂದು ಆಗಿನಿಂದ ಯೋಚಿಸುತ್ತಿದ್ದೇನೆ.

ಬಾಯಿಮಾತಿಗಿಂತ ಬರೆದದ್ದನ್ನೇ ನಂಬುವವಳು ನೀನು. ಅದಕ್ಕೇ ಈ ಕಾರ್ಡ್ ಬರೆಯುತ್ತಿದ್ದೇನೆ: ಇದು ಕೈಸೇರಿದ ದಿನವೇ ನಿನ್ನ ಡಾಕ್ಟರ ಹತ್ತಿರ ಹೋಗು, ಮಾತ್ರೆ ಬಿಟ್ಟದ್ದನ್ನು ಮುಚ್ಚಿಡದೆ ಹೇಳು. ಹೋಗುವ ಮುಂಚೆ ಈ ಕಾರ್ಡನ್ನು ಬೋರ್ಡಿನ ಆ ಬರಹದ ಮೇಲೆ ಅಂಟಿಸು, ಎಲ್ಲರೂ ಓದಲಿ.

ನಿನ್ನ ತಮ್ಮ,
ದೆಲ್ಫಿನೊ