ಎರಡು ಸಲ ಕಚ್ಚುವ ರಾಕ್ಷಸ

ಅಪ್ಪನಿಗೆ,

ನಿಮ್ಮ ಆಫೀಸಿನ ಕಪ್ಪು ಸ್ಟೇಪ್ಲರನ್ನು ಎರಡು ವರ್ಷದ ಹಿಂದೆ ಕದ್ದವಳು ನಾನು. ಪಕ್ಕದ ಮೇಜಿನ ಗುಮಾಸ್ತರೇ ತೆಗೆದರೆಂದು, ಇಪ್ಪತ್ತು ವರ್ಷ ಜೊತೆಗೆ ಉಂಡವರೊಡನೆ ನೀವು ಮಾತು ಬಿಟ್ಟಿರಿ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಶಾಲೆಯನ್ನು ಅರ್ಧಕ್ಕೇ ಬಿಟ್ಟ ಮೇಲೆ ನಾನು ಮಾಡುತ್ತಿದ್ದದ್ದು ಒಂದು ವಿಡಿಯೋ ಗೇಮ್. ಅದರ ಕೊನೆಯ ರಾಕ್ಷಸ ಆ ಸ್ಟೇಪ್ಲರ್. ದವಡೆ, ಸ್ಪ್ರಿಂಗು, ತುಕ್ಕು ಎಲ್ಲವನ್ನೂ ಎದುರಿಗಿಟ್ಟುಕೊಂಡೇ ಚಿತ್ರ ಬರೆದೆ. ನೀವು ಒಂದು ಪಿನ್ನನ್ನು ನಂಬದೆ ಪ್ರತಿ ಕಾಗದಕ್ಕೂ ಎರಡು ಹೊಡೆಯುತ್ತೀರಲ್ಲ, ಇವನೂ ಹಾಗೆಯೇ. ಒಮ್ಮೆ ಕಚ್ಚಿ, ತುಸು ತಡೆದು, ಮತ್ತೆ ಅದೇ ಜಾಗಕ್ಕೆ ಕಚ್ಚುತ್ತಾನೆ. ಮೊದಲ ಏಟು ತಪ್ಪಿತೆಂದು ನಿರಾಳವಾದವರೆಲ್ಲ ಎರಡನೆಯದಕ್ಕೆ ಸಾಯುತ್ತಾರೆ. ಏಳು ಸಲ ಸೋತ ತಂಗಿ, "ಥೇಟ್ ಅಪ್ಪನೇ ಕಣೇ ಅಕ್ಕಾ! ಬೈದಿದ್ದು ಮುಗೀತು ಅಂದ್ಕೊಂಡ್ರೆ ಮತ್ತೆ ಶುರು" ಅಂದಳು.

ಆ ರಾಕ್ಷಸನನ್ನು ನೋಡಿಯೇ ಗೇಮ್ ಮಾಡುವವರೊಬ್ಬರು ನನ್ನನ್ನು ಕೆಲಸಕ್ಕೆ ಕರೆದಿದ್ದಾರೆ. ಸರ್ಟಿಫಿಕೇಟ್ ಕೇಳಲಿಲ್ಲ.

ಹೋಗುವ ಮುಂಚೆ ಗುಮಾಸ್ತರ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ನಾನು ಕದ್ದಿಲ್ಲ ಅಂತ ನಂಗೆ ಗೊತ್ತಿತ್ತಲ್ಲಮ್ಮ. ನಿಮ್ಮಪ್ಪನಿಗೆ ಹೇಳು" ಎಂದರು. ಶುಕ್ರವಾರ ಅವರಿಗೆ ನಿವೃತ್ತಿ. ಅಷ್ಟರೊಳಗೆ ದಯವಿಟ್ಟು ನೀವೇ ಹೋಗಿ ಅವರನ್ನು ಮಾತಾಡಿಸಿ. ನನ್ನ ಮೇಲಿನ ಸಿಟ್ಟು ಆಮೇಲೂ ಇರಲಿ.

ಸ್ಟೇಪ್ಲರ್ ನಿಮ್ಮ ಚೀಲದಲ್ಲಿದೆ. ನಾಳೆ ಏಳೂವರೆಯ ಬಸ್ಸಿಗೆ ನಾನು ಹೊರಡುತ್ತಿದ್ದೇನೆ.

ಇಂತಿ,
ನಿಮ್ಮ ದೊಡ್ಡ ಮಗಳು