ಅವ್ವನ ಫೋಟೋಗೆ ಹಾಕಿದ ಚೆಂಡು ಹೂವು

ಕಿನ್ನಾಳ
6-1-2025, ಸೋಮವಾರ

ಪ್ರೀತಿಯ ಅವ್ವಾ,

ನಿನ್ನ ದಾನವ್ವ ಮಾಡುವ ನಮಸ್ಕಾರ. ಹೇಗಿದ್ದೀಯಾ? ಕೈ ನಡುಕ ಕಡಿಮೆಯಾಯಿತೇ? ಗುಳಿಗೆ ಊಟವಾದ ಮೇಲೆ ನುಂಗು, ಬರಿಹೊಟ್ಟೆಯಲ್ಲಿ ಬೇಡ. ತಳಕಲ್ಲಿನಲ್ಲಿ ಈ ಸಲ ಚಳಿ ಜಾಸ್ತಿ ಅಂತಾರೆ. ಕೌದಿ ಸಾಲದಿದ್ದರೆ ನಾಚಿಕೊಳ್ಳದೆ ಕರಿಬಸಪ್ಪ ಮಾವನಿಗೆ ಹೇಳು, ಎಷ್ಟಾದರೂ ನಿನ್ನ ಒಡಹುಟ್ಟಿದವನು. ಇಲ್ಲಿ ಕಲ್ಲೇಶಣ್ಣ, ಶ್ವೇತಾ ವೈನಿ, ನಾನು ಎಲ್ಲರೂ ಆರಾಮ ಇದ್ದೇವೆ. ಐದನೆಯ ತರಗತಿಗೇ ಶಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ಹೊಂದಿಸಿಕೊಂಡು ಓದು. ನಿಧಾನವಾದರೂ ನೀನೇ ಓದು, ಮಾವನ ಕೈಗೆ ಕೊಡಬೇಡ. ಎದುರಿಗೆ ಕೂತು ಹೇಳುವ ಧೈರ್ಯ ನನಗೆ ಎಂದೂ ಇರಲಿಲ್ಲ, ನಿನಗೆ ಗೊತ್ತು.

ನೀನು ತಳಕಲ್ಲಿಗೆ ಹೋದ ಮೇಲೆ ಅಣ್ಣ ಕೊಪ್ಪಳದಲ್ಲಿ ಏನೋ ತರಬೇತಿ ಮುಗಿಸಿ ಬಂದು, ನಮ್ಮ ಕಟ್ಟಿಗೆ ಗೊಂಬೆಗಳ ವ್ಯಾಪಾರ ಹೆಚ್ಚಲಿ ಎಂದು ಪಾಡ್‌ಕಾಸ್ಟ್ ಶುರು ಮಾಡಿದ. ಅದು ರೇಡಿಯೋ ಇದ್ದಂತೆ, ಆದರೆ ಮೊಬೈಲಿನಲ್ಲಿ ಯಾವಾಗ ಬೇಕಾದರೂ ಕೇಳಬಹುದು. 'ನಾವು ಯಾರಿಗೂ ಗೊಂಬಿ ತಗೊಳ್ರಿ ಅನ್ನಂಗಿಲ್ಲ. ನಮ್ಮ ಮನಿ ನಡತಿ ಹೇಳೂದು ಅಷ್ಟ. ಜನಾ ತಾವಾಗೇ ಬರ್ತಾರ' ಎಂದ. ಅದಕ್ಕೆ ನಿನ್ನದೇ ಹೆಸರಿಟ್ಟ, 'ಮುದುಕಮ್ಮನ ಮಾತು' ಎಂದು. ಪ್ರತಿ ಶುಕ್ರವಾರ ಒಂದು ಕಂತು. ಮೊದಮೊದಲು ನಿಜವನ್ನೇ ಹೇಳಿದ. ಗಂಗಾವತಿಯ ಮದುವೆ ಮನೆಗೆ ಕೊಟ್ಟ ಗೌರಿ ಗೊಂಬೆಯ ಬೆನ್ನಿನಲ್ಲಿ ಸೀಳು ಇತ್ತೆಂದು ಆಮೇಲೆ ನೆನಪಾಗಿ, ನೀನೇ ಬಸ್ಸು ಹತ್ತಿ ಹೋಗಿ ಬದಲಿಸಿ ಕೊಟ್ಟು ಬಂದೆಯಲ್ಲ, ಅದನ್ನು ಹೇಳಿದ. ಆ ಮನೆಯವರಿಗೆ ಸೀಳು ಕಂಡೇ ಇರಲಿಲ್ಲ ಎಂಬುದನ್ನೂ ಬಿಡದೆ ಹೇಳಿದ. ಕೇಳಿದವರು ಹನ್ನೊಂದು ಜನ, ಅದರಲ್ಲಿ ನಾವೇ ಮೂವರು. ವೈನಿ, 'ನಿಮ್ಮವ್ವನ ನಡತಿ ಬ್ಯಾಡ, ಆಕಿ ಸಿಡುಕು ಹೇಳ್ರಿ, ಊರೆಲ್ಲಾ ಕೇಳ್ತಾರ' ಎಂದು ನಕ್ಕಳು.

ತಪ್ಪು ನನ್ನದು ಅವ್ವಾ. ಆಯುಧ ಪೂಜೆಯ ದಿನ ಉಳಿ, ಕೊಡತಿ, ಕುಂಚ, ಬಣ್ಣದ ಬಟ್ಟಲು, ಅಣ್ಣನ ಮೈಕು ಎಲ್ಲಕ್ಕೂ ಹೂವು ಏರಿಸುತ್ತ ಬಂದೆ. ನಿನ್ನ ಫೋಟೋ ಉಳಿಗಳ ಸಾಲಿನಲ್ಲೇ ಗೋಡೆಗೆ ಇತ್ತು. ಈ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿದದ್ದು ಇದೇ ಅಲ್ಲವೇ ಅನ್ನಿಸಿ, ಅದಕ್ಕೂ ಚೆಂಡು ಹೂವಿನ ಮಾಲೆ ಹಾಕಿದೆ. ಬದುಕಿದ್ದವರ ಫೋಟೋಗೆ ಮಾಲೆ ಹಾಕಬಾರದೆಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ವೈನಿ ಚಿತ್ರ ತೆಗೆದು ಆ ವಾರದ ಕಂತಿಗೆ ಹಾಕಿದಳು. ಮರುದಿನ ನೋಡಿದರೆ 'ತಾಯಿಯ ಆತ್ಮಕ್ಕೆ ಶಾಂತಿ ಸಿಗಲಿ' ಎಂದು ನೂರಾರು ಜನ ಬರೆದಿದ್ದರು. ಅಣ್ಣ ಗಾಬರಿಯಾದ. ಅವ್ವ ಇದ್ದಾಳೆ ಎಂದು ಹೇಳಿಬಿಡುತ್ತೇನೆ ಎಂದು ಮೈಕಿನ ಮುಂದೆ ಕೂತ. ಅಷ್ಟರಲ್ಲಿ ಹುಬ್ಬಳ್ಳಿಯ ಒಬ್ಬ ಅಮ್ಮನವರ ಫೋನು ಬಂತು. ನಿಮ್ಮ ತಾಯಿ ಕಣ್ಣು ಬರೆದ ಗೊಂಬೆ ಎಷ್ಟು ಉಳಿದಿದ್ದರೂ ನನಗೆ ಬೇಕು ಎಂದರು. ಅಣ್ಣ ಫೋನು ಇಟ್ಟು ಮತ್ತೆ ಮೈಕಿನ ಮುಂದೆ ಕೂತ. ಮೈಕು ಹಚ್ಚಿದ. ಆಮೇಲೆ, 'ನಮ್ಮವ್ವ ಹುಟ್ಟಿದಾಗಿಂದ ಒಂದು ಸುಳ್ಳು ಹೇಳಲಿಲ್ಲರೀ, ಹಂಗ ಹೋದ್ಲು' ಎಂದು ಅತ್ತ. ನಿಜವಾಗಿಯೂ ಅತ್ತ ಅವ್ವಾ, ನಾನು ನೋಡಿದೆ.

ಗೊಂಬೆಗೆ ಎಲ್ಲ ಬಣ್ಣ ಆದ ಮೇಲೆ ಕೊನೆಗೆ ಕಣ್ಣು ಬರೆಯುವುದು ನಿನ್ನ ಕೈಯ ಕೆಲಸವಾಗಿತ್ತು. ಕೈ ನಡುಗಿ ಕಣ್ಣು ವಾರೆಯಾದಾಗ, 'ಮೆಳ್ಳಗಣ್ಣಿನ ಗೊಂಬಿ ಯಾರು ಒಯ್ತಾರ? ತಳಕಲ್ಲಿಗೆ ಹೋಗಿ ಕುಂದ್ರು' ಅಂದವನು ಅಣ್ಣನೇ. ಈಗ ಎಲ್ಲರಿಗೂ ಆ ವಾರೆ ಗೆರೆಯೇ ಬೇಕಂತೆ. ನೀನು ಬರೆದವು ಒಂಬತ್ತು ಇದ್ದವು, ಒಂದೇ ವಾರಕ್ಕೆ ಹೋದವು. ಆಮೇಲಿನವಕ್ಕೆ ನಾನು ಬರೆಯುತ್ತಿದ್ದೇನೆ. ಎಡಗೈಯಿಂದ ಬರೆದರೆ ಗೆರೆ ನಿನ್ನ ಹಾಗೆಯೇ ನಡುಗುತ್ತದೆ. ಅಣ್ಣ ಮೊದಲ ಸಲ ನನಗೆ 'ಶಾಭಾಸ್ ದಾನಿ' ಅಂದ. ಈಗಲೂ ಅವನು ಕೊಳ್ಳಿರಿ ಎಂದು ಒಮ್ಮೆಯೂ ಹೇಳುವುದಿಲ್ಲ, ಹೇಳುವ ಗರಜೇ ಬಿದ್ದಿಲ್ಲ. ಇನ್ನೊಂದು ಮಾತು. ರಿಪೇರಿಗೆಂದು ಅವನು ಒಯ್ದ ನಿನ್ನ ಮೊಬೈಲು ಕೆಟ್ಟಿರಲಿಲ್ಲ. ಕೇಳುಗರು ಯಾರಾದರೂ ಫೋನು ಹಚ್ಚಿ ನೀನು 'ಯಾರ್ರಿ?' ಅಂದುಬಿಟ್ಟರೆ ಎಂದು ಒಯ್ದ. ಅದು ಇಲ್ಲೇ ಬಣ್ಣದ ಪೆಟ್ಟಿಗೆಯಲ್ಲಿದೆ.

ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ ತಿಳಿಸು. ನಿನ್ನ ಪಾದ ಮುಟ್ಟಿದೆನೆಂದು ತಿಳಿ. ಆಶೀರ್ವಾದ ಮಾಡು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಮಾಡು.

ನಿನ್ನ ಮಗಳು,
ದಾನೇಶ್ವರಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಸಂಕ್ರಾಂತಿಗೆ ಬರುತ್ತೇನೆಂದು ಬಳೆ ಮಾರುವ ಚಾಂದಬೀ ಹತ್ತಿರ ಹೇಳಿ ಕಳಿಸಿದ್ದೀಯಂತೆ. ಬರಬೇಡ. ಅವತ್ತು ಐವತ್ತು ಜನ ಕೇಳುಗರು ನಿನ್ನ ಫೋಟೋಗೆ ಕೈಮುಗಿಯಲು ಬರುತ್ತಿದ್ದಾರೆ. ಬಂದೇ ಬರುವುದಾದರೆ, ಸತ್ತವಳ ತಂಗಿ ಎಂದು ಹೇಳಿಕೊಳ್ಳಬೇಕು ಎಂದಿದ್ದಾನೆ ಅಣ್ಣ. ನಾನು ಹೂಂ ಅಂದೆ. ಹೋದ ವಾರ ಆ ಹುಬ್ಬಳ್ಳಿಯ ಅಮ್ಮ ಮನೆಗೇ ಬಂದು, ನನ್ನ ಕೈ ಹಿಡಿದು, ನಿನ್ನ ಕೊನೆಯ ಮಾತೇನು ಎಂದು ಕೇಳಿದರು. ನನಗೆ ಸುಳ್ಳು ಹೊಳೆಯಲಿಲ್ಲ. ನೀನು ತಳಕಲ್ಲಿನ ಬಸ್ಸು ಹತ್ತುವಾಗ ಅಂದದ್ದನ್ನೇ ಹೇಳಿದೆ: 'ಕೈ ಛಲೋ ಆದ ಮ್ಯಾಲ ಬರ್ತೀನಿ, ನನ್ನ ಕುಂಚ ಯಾರಿಗೂ ಕೊಡಬ್ಯಾಡ.' ಅವರು ಬಹಳ ಅತ್ತರು. ಹೋಗುವಾಗ ನೆನಪಿಗೆ ಏನಾದರೂ ಕೊಡಿ ಎಂದರು. ಅಣ್ಣ ಆ ಕುಂಚವನ್ನೇ ಕೊಟ್ಟ.