ಸಾಕ್ಷ್ಯಕ್ಕಿಟ್ಟ ಸೋರಿಕೆ

ಬಾಲ್ಟಿಮೋರ್,
ಈಸ್ಟರ್ ಹಬ್ಬದ ವಾರ, ಸೋಮವಾರ, ಅಂಗಡಿಗೆ ರಜೆ

ಮಾನ್ಯ ಪ್ರೆಸ್ಟನ್ ಪೆಲ್ಹಮ್ ಅವರಿಗೆ, ನಿಮ್ಮ ಬಹುಕಾಲದ ಬಿಟ್ಟಿ ಕಕ್ಷಿಗಾರ್ತಿ ಅರ್ಲೀನ್ ಟಾಲ್ಬರ್ಟ್ ಮಾಡುವ ವಂದನೆಗಳು.

ನಿಮ್ಮ ಪತ್ರ ತಲುಪಿತು. ಪೆಲ್ಹಮ್, ಓಕ್ಲಿ ಮತ್ತು ಥ್ರಷ್ ವಕೀಲ ಸಂಸ್ಥೆ ಇಷ್ಟು ವರ್ಷ ಬಡಬಗ್ಗರಿಗೆ ಮಾಡಿದ ಉಚಿತ ಕಾನೂನು ಸೇವೆಯ ಚರಿತ್ರೆಯನ್ನು ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸುತ್ತಿದ್ದೀರೆಂದು ತಿಳಿದು ಸಂತೋಷವಾಯಿತು. ಅದಕ್ಕೆ ನಾನು ಕೃತಜ್ಞತೆಯ ನಾಲ್ಕು ಮಾತು ಬರೆದುಕೊಡಬೇಕೆಂದು ಕೇಳಿದ್ದೀರಿ. ಪಾಪ, ನನಗೆ ಶ್ರಮವಾದೀತೆಂದು ಮಾದರಿಯ ವಾಕ್ಯವನ್ನೂ ನೀವೇ ಬರೆದು ಕಳಿಸಿದ್ದೀರಿ: 'ಪೆಲ್ಹಮ್ ಸಂಸ್ಥೆ ಇಲ್ಲದಿದ್ದರೆ ನನ್ನ ತಲೆಯ ಮೇಲೆ ಸೂರು ಇರುತ್ತಿರಲಿಲ್ಲ.' ಅದನ್ನು ಓದುತ್ತಿರುವಾಗಲೇ ಸದರಿ ಸೂರಿನಿಂದ ದಪ್ಪನೆಯ ಹನಿಯೊಂದು ಸದರಿ ವಾಕ್ಯದ ಮೇಲೆ ಬಿತ್ತು. ಈಗ ಅಲ್ಲಿ ನಿಮ್ಮ ಸಂಸ್ಥೆಯ ಹೆಸರು ಮಾತ್ರ ಉಳಿದಿದೆ, ಸೂರು ಅಳಿಸಿಹೋಗಿದೆ. ಆದ್ದರಿಂದ ನನ್ನದೇ ಮಾತಿನಲ್ಲಿ ಬರೆಯುತ್ತಿದ್ದೇನೆ.

ನಾನು ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದಾಗ ನನಗೆ ಬೇಕಾಗಿದ್ದದ್ದು ಒಂದೇ ಒಂದು ಖಡಕ್ ಕಾಗದ. ನನ್ನ ಕೇಶಾಲಂಕಾರದ ಅಂಗಡಿಯ ಎರಡನೆಯ ಕುರ್ಚಿಯ ಮೇಲೆ ಸೂರು ಸೋರುತ್ತಿತ್ತು. ಕಟ್ಟಡದ ಮಾಲೀಕ ಕನೆಲೋಸ್‌ಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ಅವನು 'ನಾಳೆ' ಎನ್ನುತ್ತಿದ್ದ. ವಕೀಲರ ಕಾಗದ ಕಂಡರೆ ಹೆದರಿ ಸರಿಮಾಡಿಸುತ್ತಾನೆ ಎಂದು ನಾನು ಬಂದೆ. ನೀವು ನನ್ನ ಮಾತು ಕೇಳಿ, ಎದ್ದು, ಕಿಟಕಿಯ ಬಳಿ ಹೋಗಿ, ಬಂದರಿನ ಕಡೆ ನೋಡುತ್ತಾ, "ಮಿಸೆಸ್ ಟಾಲ್ಬರ್ಟ್, ಇದು ಬರೀ ಸೋರಿಕೆ ಅಲ್ಲ" ಎಂದಿರಿ. ಡಾಕ್ಟರರು ಎಕ್ಸ್‌ರೇ ನೋಡಿ ಮಾತಾಡುವ ದನಿ ಅದು.

ಅಂದಿನಿಂದ ಅದು ನನ್ನ ಸೋರಿಕೆಯಾಗಿ ಉಳಿಯಲಿಲ್ಲ. ಮೇರಿಲ್ಯಾಂಡ್ ರಾಜ್ಯದ ಸಮಸ್ತ ಬಾಡಿಗೆದಾರರ ಸೋರಿಕೆಯಾಯಿತು. ಒಂದು ಸಲ ರೋಸಿಹೋಗಿ ನಾನೇ ಸೂರು ರಿಪೇರಿಯವನನ್ನು ಕರೆಸಿದೆ. ಅವನು ಏಣಿ ಹತ್ತಿ ನೋಡಿ, "ಒಂದ್ ಮಧ್ಯಾಹ್ನದ ಕೆಲಸ, ಮಿಸ್ ಅರ್ಲೀನ್. ಕಾಫಿ ಇಟ್ಟಿರಿ, ಇಳಿದು ಬರ್ತೀನಿ" ಎಂದ. ಅಷ್ಟರಲ್ಲಿ ನಿಮ್ಮ ಫೋನು. ಮುಟ್ಟಕೂಡದಂತೆ! ಅದು ಸಾಕ್ಷ್ಯವಂತೆ! ಸಾಕ್ಷ್ಯ ನಾಶ ಮಾಡಿದರೆ ಕೇಸೇ ಬಿದ್ದುಹೋಗುತ್ತದಂತೆ! ಆ ಮನುಷ್ಯ ಕಾಫಿ ಕುಡಿದು, ಏಣಿ ಹೊತ್ತುಕೊಂಡು ಹೋದ. ನಾನು ಸಾಕ್ಷ್ಯದ ಕೆಳಗೆ ಬಕೆಟ್ ಇಟ್ಟೆ. ಜನ ಬೆಕ್ಕು ಸಾಕುತ್ತಾರೆ, ಗಿಳಿ ಸಾಕುತ್ತಾರೆ. ನಾನು ನಿಮ್ಮ ಸಂಸ್ಥೆಯ ಪರವಾಗಿ ಸೋರಿಕೆ ಸಾಕಿದ್ದೇನೆ.

ನಿಮ್ಮ ಕಿರಿಯ ವಕೀಲರ ವಿಷಯವನ್ನೂ ಚರಿತ್ರೆಯಲ್ಲಿ ಸೇರಿಸಿ. ನಿಮ್ಮಲ್ಲಿ ಉಚಿತ ಕೇಸುಗಳೆಲ್ಲ ಹೊಸದಾಗಿ ಸೇರಿದ ಮಕ್ಕಳ ಪಾಲಿಗೆ ತಾನೇ? ಹೊಳೆಯುವ ಬೂಟು ಹಾಕಿಕೊಂಡು ಒಂದು ಮಗು ಬರುತ್ತದೆ, ಬಕೆಟ್ಟಿನ ಫೋಟೋ ತೆಗೆಯುತ್ತದೆ, "ಮಿಸ್ ಅರ್ಲೀನ್, ಮೊದಲಿಂದ ಹೇಳಿ" ಎನ್ನುತ್ತದೆ. ನಾನು ಮೊದಲಿಂದ ಹೇಳಿ ಮುಗಿಸುವಷ್ಟರಲ್ಲಿ ಅದಕ್ಕೆ ಬಡ್ತಿ ಸಿಕ್ಕಿ, ಹಣ ಕೊಡುವ ಕಕ್ಷಿಗಾರರ ಕಡೆ ಹೊರಟುಹೋಗುತ್ತದೆ. ಮತ್ತೆ ಹೊಸ ಬೂಟು. ನನ್ನ ಹಳೆಯ ಗಿರಾಕಿ ಲುಸಿಲ್ ಈಗ ಡ್ರೈಯರಿನ ಕೆಳಗಿಂದಲೇ ಕೂಗುತ್ತಾಳೆ: "ಬಾ ಹನ್, ಬಾ ಚಿನ್ನ, ಕೂತ್ಕೋ. ಬಕೆಟ್ ಕತೆ ನಾನ್ ಹೇಳ್ತೀನಿ. ಅವಳು ಹೇಳಿದ್ರೆ ರಸವೆಲ್ಲ ಬಿಟ್‌ಬಿಡ್ತಾಳೆ." ಒಬ್ಬ ಹುಡುಗನಂತೂ ಸೋಮವಾರ ಬಂದು ಬಾಗಿಲು ಬಡಿದ. ಸೋಮವಾರ ಊರಿನ ಯಾವ ಕೇಶಾಲಂಕಾರದ ಅಂಗಡಿಯೂ ತೆರೆಯುವುದಿಲ್ಲ ಎಂಬುದನ್ನು ಕಾನೂನು ಕಾಲೇಜಿನಲ್ಲಿ ಕಲಿಸುವುದಿಲ್ಲವೆಂದು ಕಾಣುತ್ತದೆ. ಸೋಮವಾರ ಬಿಷಪ್ಪರೇ ಬಂದರೂ ನಾನು ಚಿಲಕ ತೆಗೆಯುವವಳಲ್ಲ. ಹಾಗೇ ಕಳಿಸಿದೆ.

ಈಗಿರುವ ಮಿಸ್ ಕಾರ್ವಿನ್ ಎಂಬ ಹುಡುಗಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಅಷ್ಟೇನೂ ಚುರುಕಲ್ಲ. ಬಂದ ಮೊದಲ ದಿನ, ಫೋಟೋ ತೆಗೆಯುವುದನ್ನು ಬಿಟ್ಟು ಬಕೆಟ್ಟಿನ ನೀರು ಚೆಲ್ಲಿ ಬಂದಳು. ಸಾಕ್ಷ್ಯವನ್ನು ಚರಂಡಿಗೆ ಸುರಿಯುವ ವಕೀಲೆ!

ನಿಮ್ಮ ಪ್ರಶಸ್ತಿಯ ಊಟವನ್ನೂ ನಾನು ಮರೆತಿಲ್ಲ. ನನ್ನ ಸೂರಿಗಾಗಿ ವ್ಯಯಿಸಿದ ಗಂಟೆಗಳಿಗಾಗಿ ವಕೀಲರ ಸಂಘ ನಿಮಗೆ ಗಾಜಿನ ಫಲಕ ಕೊಟ್ಟಿತು. ನನ್ನನ್ನು ಎದ್ದು ನಿಲ್ಲಿಸಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೋಳಿ ಚೆನ್ನಾಗಿತ್ತು. ಹೊರಗೆ ಮಳೆ ಬರುತ್ತಿತ್ತು. ಅಂಗಡಿಗೆ ಬಂದರೆ ಬಕೆಟ್ ತುಂಬಿ ಹರಿದು, ಟವೆಲ್ಲುಗಳ ಕಪಾಟಿನೊಳಗೆ ನೀರು ಹೊಕ್ಕಿತ್ತು. ನಿಮ್ಮ ಚಪ್ಪಾಳೆಯನ್ನು ಹಿಂಡಿ ಒಣಹಾಕಲು ನನಗೆ ಮರುದಿನ ಪೂರ್ತಿ ಹಿಡಿಯಿತು.

ಪತ್ರದ ಜೊತೆಗಿದ್ದ ಚರಿತ್ರೆಯ ಕರಡನ್ನೂ ಓದಿದೆ. ನಿಮ್ಮ ತಾತನವರ ಬಗ್ಗೆ ಒಂದೇ ಸಾಲು ಇದೆ. ಅವರ ಉಚಿತ ಕೇಸುಗಳಿಗೆ ಫೈಲೇ ಇಲ್ಲವಂತೆ. ಇರುವುದಾದರೂ ಹೇಗೆ? ನಾನು ಚಿಕ್ಕವಳಿದ್ದಾಗ ಬಾಡಿಗೆಯ ತಕರಾರಿನಲ್ಲಿ ನಮ್ಮ ಮಂಚವನ್ನು ಹೊರಗೆ ರಸ್ತೆಬದಿಗೆ ಹಾಕಿದರು. ಯಾರು ಹೇಳಿ ಕಳಿಸಿದರೋ, ನಿಮ್ಮ ತಾತ ಟ್ರಾಮಿನಲ್ಲಿ ಬಂದರು. ಹ್ಯಾಟು ತೆಗೆದು ಅಮ್ಮನಿಗೆ ವಂದಿಸಿ, ಆ ಮಂಚದ ಮೇಲೆ ರಸ್ತೆಬದಿಯಲ್ಲೇ ಕೂತು, ಪೇದೆಗೆ ಹೇಳಿದರು: "ಕೋರ್ಟಿನ ಆರ್ಡರ್ ಎಲ್ಲಪ್ಪಾ? ಇಲ್ವಾ? ಹಾಗಾದ್ರೆ ಮಂಚ ಒಳಗೆ ಹೋಗ್ಲಿ. ಇಲ್ಲಾಂದ್ರೆ ನನ್ನನ್ನೂ ಸೇರಿಸಿ ಎತ್ಕೊಂಡ್ ಹೋಗು." ಊಟದ ಹೊತ್ತಿಗೆ ಮಂಚ ಒಳಗಿತ್ತು. ಅಮ್ಮ ಏಡಿ ವಡೆ ಕರಿದು ಬಡಿಸಿದಳು. ಅವರು ಹೊಟ್ಟೆ ತುಂಬ ತಿಂದು, ಹೆಂಡತಿಗೆಂದು ಒಂದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೋದರು. ಅದಕ್ಕೊಂದು ವಿಭಾಗ ಇರಲಿಲ್ಲ, ನಿರ್ದೇಶಕರು ಇರಲಿಲ್ಲ, 'ಪ್ರೊ ಬೋನೊ' ಎಂಬ ಲ್ಯಾಟಿನ್ ಹೆಸರು ಇರಲಿಲ್ಲ. ನಾನು ನಿಮ್ಮ ಬಾಗಿಲಿಗೆ ಬಂದದ್ದು ಆ ಮಂಚವನ್ನು ನೆನೆಸಿಕೊಂಡು.

ಈಗ ಮುಖ್ಯ ವಿಷಯ. ನನ್ನ ಅಣ್ಣನ ಮಗಳು ಶೆರೆಲ್‌ಗೆ ಅಂಗಡಿ ಬಿಟ್ಟುಕೊಡಬೇಕೆಂಬುದು ನನ್ನ ಆಸೆ. ನನ್ನ ಮೊಣಕಾಲು ಇನ್ನೊಂದು ಚಳಿಗಾಲ ನಿಲ್ಲುವಂತಿಲ್ಲ. ಆದರೆ ಅವಳಿಗೆ ಟೌಸನ್‌ನ ದೊಡ್ಡ ಮಾಲಿನ ಸಲೂನಿನಲ್ಲಿ ಕುರ್ಚಿ ಕೊಡುತ್ತೇವೆಂದು ಕರೆ ಬಂದಿದೆ. ಶನಿವಾರದೊಳಗೆ ಉತ್ತರ ಹೇಳಬೇಕು. "ಅತ್ತೆ, ನಿನ್ ಅಂಗಡಿ ಅಂದ್ರೆ ನಂಗೆ ಪ್ರಾಣ" ಎಂದಳು. "ಆದ್ರೆ ನಾನು ಕಲ್ತಿದ್ದು ತಲೆ ಒಣಗಿಸೋದು. ನೆಲ ಒರೆಸೋದಲ್ಲ." ಅವಳು ಹೋದರೆ ಅಂಗಡಿಯ ಬಾಗಿಲು ನನ್ನೊಂದಿಗೇ ಮುಚ್ಚುತ್ತದೆ.

ಇಂಥ ಸಂಕಟದಲ್ಲಿ ಮೀನಿನಂಗಡಿಯಲ್ಲಿ ಕನೆಲೋಸ್ ಸಿಕ್ಕಿದ. ಅವನಿಗೂ ವಯಸ್ಸಾಗಿದೆ, ಕೋರ್ಟು ಹತ್ತಿ ಹತ್ತಿ ಸುಸ್ತಾಗಿದ್ದಾನೆ. "ಏನಮ್ಮಾ ಅರ್ಲೀನ್, ಸೋತೆ ಅಂದ್ರೂ ಬಿಡಲ್ವಲ್ಲ ನೀನು! ಹೊಸ ಸೂರು ಹಾಕಿಸ್ತೀನಿ, ಬಾಡಿಗೆ ಪತ್ರ ನಿನ್ ಹುಡುಗಿ ಹೆಸರಿಗೇ ಮಾಡ್ಕೊಡ್ತೀನಿ, ಕೇಸು ವಾಪಸ್ ತಗೋ ಅಂತ ಕ್ರಿಸ್ಮಸ್‌ಗೆ ಮುಂಚೆನೇ ನಿನ್ ಲಾಯರಿಗೆ ಹೇಳ್ ಕಳಿಸಿದೀನಿ" ಎಂದ.

"ನಂಗ್ಯಾರೂ ಹೇಳಿಲ್ಲ" ಎಂದೆ.

ಅವನು ತಕ್ಕಡಿಯ ಮೇಲಿದ್ದ ಮೀನನ್ನೇ ಸಾಕ್ಷಿಗೆ ಕರೆಯುವಂತೆ ನೋಡಿ, "ಅಯ್ಯೋ ದೇವ್ರೇ! ಲಾಯರ್ ನಿನ್ ಕೆಲಸಕ್ಕಿರೋದೋ, ನೀನೇ ಲಾಯರ್ ಕೆಲಸಕ್ಕಿರೋದೋ?" ಎಂದ.

ನಿಮಗೆ ಫೋನು ಮಾಡಿದೆ. ಆ ಪ್ರಸ್ತಾಪ ನನ್ನವರೆಗೆ ತರುವಷ್ಟು ಘನವಾದುದಲ್ಲವೆಂದು ನಿಮಗೆ ತೋರಿತಂತೆ. ಶರತ್ಕಾಲದಲ್ಲಿ ಮೇಲಿನ ಕೋರ್ಟಿನಲ್ಲಿ ವಿಚಾರಣೆ, ಗೆದ್ದರೆ ರಾಜ್ಯದಲ್ಲಿ ಇನ್ನಾವ ಮಾಲೀಕನೂ ಬಾಡಿಗೆದಾರರನ್ನು ನೆನೆಸಲಾರ, ಸ್ವಲ್ಪ ತಾಳ್ಮೆ ಇರಲಿ ಎಂದಿರಿ. ಚರಿತ್ರೆಯ ಕೊನೆಯ ಅಧ್ಯಾಯಕ್ಕೆ 'ಟಾಲ್ಬರ್ಟ್ ವಿಜಯ' ಎಂದು ಆಗಲೇ ಹೆಸರಿಟ್ಟಿರುವುದನ್ನೂ ನಾನು ಬಲ್ಲೆ.

ಮಿಸ್ಟರ್ ಪೆಲ್ಹಮ್, ನೀವು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಿಮ್ಮನ್ನು ಎಂದೋ ಜಾಡಿಸಿ ಕಳಿಸುತ್ತಿದ್ದೆ. ನನ್ನ ಬೀದಿಯಲ್ಲೇ ಸೋರುವ ಸೂರಿನ ಕೆಳಗೆ ಮಕ್ಕಳನ್ನು ಮಲಗಿಸುವ ತಾಯಂದಿರಿದ್ದಾರೆ. ಅವರನ್ನು ನೆನೆದು ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳುದ್ದಕ್ಕೂ ತಲೆ ಕೆಡಿಸಿಕೊಂಡೆ. ಕೊನೆಗೆ ನನಗನ್ನಿಸಿದ್ದು ಇಷ್ಟು: ನಾನು ಸೂರು ದಾನ ಮಾಡಿದ್ದು ಸಾಕು. ನಿಮಗೆ ಸೋರಿಕೆ ಬೇಕಿದ್ದರೆ ಈ ಬೀದಿಯಲ್ಲಿ ನನ್ನದಕ್ಕಿಂತ ಪ್ರಾಯದ, ಗಟ್ಟಿಮುಟ್ಟಾದ ಸೋರಿಕೆಗಳು ಬೇಕಾದಷ್ಟಿವೆ. ಆದರೆ ಫೋಟೋ ತೆಗೆಯುವ ಮೊದಲು ಆ ಮನೆಯಾಕೆಗೆ ಹೇಳಿ: "ತಾಯೀ, ಕೇಸು ನಿನ್ನದು. ಸಾಕು ಅನ್ನೋದು ನಿನ್ನ ಕೈಲಿದೆ."

ಅದು ನನ್ನ ಕೈಲೂ ಇತ್ತೆಂದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ನಿಮ್ಮ ಕಚೇರಿಯವರಂತೂ ಖಂಡಿತ ಅಲ್ಲ. ತಲೆ ಬಾಚಿಕೊಳ್ಳುವಾಗ ತಾನಾಗಿಯೇ ಹೊಳೆಯಿತು.

ಆದ್ದರಿಂದ ನನ್ನ ಕೇಸನ್ನು ವಾಪಸ್ ತೆಗೆಯಿರಿ. ಬುಧವಾರ ಬೆಳಿಗ್ಗೆ ಕನೆಲೋಸ್ ಕಾಗದ ತರುತ್ತಾನೆ. ಅವನ ಸಣ್ಣಕ್ಷರಗಳ ಮೇಲೆ ನನಗೆ ನಂಬಿಕೆಯಿಲ್ಲ. ನೀವೇ ಬಂದು, ಎರಡನೆಯ ಕುರ್ಚಿಯಲ್ಲಿ ಕೂತು, ಒಮ್ಮೆ ಓದಿ ಹೇಳಿದರೆ ಅದನ್ನು ನಿಜವಾದ ಉಚಿತ ಸೇವೆಯೆಂದು ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ. ಏಡಿ ವಡೆ ಮಾಡಿರುತ್ತೇನೆ. ಅಮ್ಮನ ಕೈರುಚಿ ಬಂದಿಲ್ಲ, ಆದರೂ ತಿನ್ನಬಹುದು. ನೀವು ಬರದಿದ್ದರೂ ಸಹಿ ಹಾಕುತ್ತೇನೆ.

ಚರಿತ್ರೆಗೆ ನನ್ನ ನಾಲ್ಕು ಮಾತು ಇವು: ಪೆಲ್ಹಮ್ ಸಂಸ್ಥೆ ನನಗೆ ಉಚಿತ ಸೇವೆ ಮಾಡಿತು. ನಾನೂ ಅದಕ್ಕೆ ಮಾಡಿದೆ. ಉಚಿತ ಸೇವೆ ಸಲ್ಲಿಸಿದವರ ಪಟ್ಟಿಯಲ್ಲಿ, ವಕೀಲರ ಹೆಸರುಗಳ ನಡುವೆ, ನನ್ನ ಹೆಸರನ್ನೂ ಸೇರಿಸಿ. ಫೋಟೋ ಬೇಕಿದ್ದರೆ ಬಕೆಟ್ಟಿನದನ್ನು ಹಾಕಿ. ನಿಮ್ಮ ಬಳಿ ಬೇಕಾದಷ್ಟಿವೆ.

ಇಂತು ತಮ್ಮ ಹಳೆಯ ಸಾಕ್ಷ್ಯ,
ಅರ್ಲೀನ್ ಟಾಲ್ಬರ್ಟ್

ತಾ.ಕ.: ಕಳೆದ ಸೋಮವಾರ ಮಿಸ್ ಕಾರ್ವಿನ್ ಅವರ ಕಾರು ಮಧ್ಯಾಹ್ನವೆಲ್ಲ ನನ್ನ ಅಂಗಡಿಯ ಮುಂದೆ ನಿಂತಿದ್ದನ್ನು ನಿಮ್ಮ ಕಚೇರಿಯವರು ಯಾರೋ ಕಂಡರೆಂದೂ, ನೀವು ಆಕೆಯನ್ನು ಕರೆದು ವಿಚಾರಿಸಿದಿರೆಂದೂ ಕೇಳಿದೆ. ಹೌದು, ಸೋಮವಾರವೇ. ಆ ಹುಡುಗಿ ಬಂದದ್ದು ಕೂದಲು ಕತ್ತರಿಸಿಕೊಳ್ಳಲು. ಕೇಸಿನ ಬಗ್ಗೆ ನಾವು ತುಟಿ ಬಿಚ್ಚಲಿಲ್ಲ. ಡ್ರೈಯರಿನ ಕೆಳಗೆ ಕೂತಿದ್ದ ಲುಸಿಲ್ ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ, ಬೇಕಾದರೆ ಪ್ರಮಾಣ ಮಾಡುತ್ತಾಳೆ. ಇದರಿಂದ ಆ ಮಗುವಿನ ಕೆಲಸಕ್ಕೆ ಏನಾದರೂ ತೊಂದರೆಯಾದರೆ ನಾನು ಅವಳಿಗೊಬ್ಬ ವಕೀಲರನ್ನು ಹುಡುಕಬೇಕಾಗುತ್ತದೆ. ಈ ಸಲ, ದುಡ್ಡು ಕೊಟ್ಟು.